ಬೋರಿಂಗ್ ಅರ್ಜಿಯ ಸಹಿ ಹಾಳೆಗಳು

ತುರ್ತು ಪರಿಸ್ಥಿತಿ ತೆಗೆದ ಮರುವರ್ಷ ಮುಳಬಾಗಿಲು ಕೋರ್ಟಿನಲ್ಲಿ ಒಂದು ಖಾಸಗಿ ದೂರು ವಜಾ ಆಯಿತು. ಅದು ಮೊದಲು ನನ್ನ ಕಣ್ಣಿಗೆ ಬಿದ್ದ ದಿನ ನಾನು ಅಲ್ಲಿಗೆ ಹೋಗಿದ್ದು ಬೇರೆ ಕೆಲಸಕ್ಕೆ. ಕೋಲಾರದಲ್ಲಿ ಮನೆ ಮಾಡಿಕೊಂಡು ಬೆಂಗಳೂರಿನ ಒಂದು ದಿನಪತ್ರಿಕೆಗೆ ಸುತ್ತಿನ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ವಾರಕ್ಕೊಮ್ಮೆ ಮುಳಬಾಗಿಲಿಗೆ ಹೋಗಿ ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಕೋರ್ಟು ಸುತ್ತಿ, ಸಿಕ್ಕಿದ್ದನ್ನು ಬರೆದು ಕವರಿನಲ್ಲಿ ಹಾಕಿ ಸಂಜೆಯ ಬೆಂಗಳೂರು ಬಸ್ಸಿನ ಕಂಡಕ್ಟರ ಕೈಗೆ ಕೊಡುವುದು ವಾಡಿಕೆ. ಕೆಲಸಕ್ಕೆ ಸೇರಿದಾಗ ಸುದ್ದಿ ಸಂಪಾದಕರು ಹೇಳಿದ್ದು ಒಂದೇ ಮಾತು: ಯಾರು ಏನು ಹೇಳಿದರು ಅಂತ ಬರಿ, ನಿನಗೆ ಏನನ್ನಿಸಿತು ಅಂತ ಬರೀಬೇಡ. ಅದನ್ನು ನಾನು ಬಹುಮಟ್ಟಿಗೆ ಪಾಲಿಸಿದ್ದೇನೆ. ಪಾಲಿಸದೆ ಹೋದ ಒಂದು ಸಲದ ವಿಷಯವೂ ಇದರಲ್ಲಿ ಬರುತ್ತದೆ.

ದೂರುದಾರರು ಆವನಿ ಕಡೆಯ ಒಂದು ಹಳ್ಳಿಯ ರೈತರು. ಐವತ್ತೈದು ದಾಟಿದವರು, ರಾಗಿ ಹೊಲ, ಬಾವಿಯ ಕೆಳಗೆ ಒಂದಿಷ್ಟು ಹಿಪ್ಪುನೇರಳೆ. ಮಗ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದ. ಸೊಸೆಗೆ ನಾಲ್ಕು ಮಕ್ಕಳು. ಐದನೆಯದು ಹೊಟ್ಟೆಯಲ್ಲಿ ನಿಂತು ಎರಡೂವರೆ ತಿಂಗಳಾಗಿದ್ದಾಗ ಆಕೆ ಒಬ್ಬಳೇ ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬಂದಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ವಿಷಯ ತಿಳಿದ ಮಾವ, ಆಸ್ಪತ್ರೆಯ ಲೇಡಿ ಡಾಕ್ಟರು ತನ್ನ ಸೊಸೆಗೆ ಬಲವಂತದಿಂದ ಗರ್ಭಪಾತ ಮಾಡಿದ್ದಾರೆ, ಗಂಡನನ್ನೂ ಮನೆಯ ಹಿರಿಯರನ್ನೂ ಕೇಳಿಲ್ಲ, ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಬೇಕು ಎಂದು ಕೋರ್ಟಿಗೆ ಹೋದರು.

ಬಲವಂತ ಎಂಬ ಮಾತನ್ನು ಅವರು ವಕೀಲರ ಬಾಯಿಂದ ಎರವಲು ತಂದಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಸಂತೆಗೆ ಬಂದಿದ್ದ ಅವರನ್ನು ವ್ಯಾನಿಗೆ ಹತ್ತಿಸಿ, ಶಾಲೆಯೊಂದರಲ್ಲಿ ಹಾಕಿದ್ದ ಕ್ಯಾಂಪಿಗೆ ಕರೆದೊಯ್ದು, ಮಕ್ಕಳಾಗದ ಆಪರೇಷನ್ ಮಾಡಿ ಕಳಿಸಿದ್ದರು. ಆ ವಯಸ್ಸಿನಲ್ಲಿ ಅವರಿಗೆ ಅದರ ಅಗತ್ಯವಿರಲಿಲ್ಲ. ಯಾರದೋ ಗುರಿ ತುಂಬಬೇಕಿತ್ತು. ಆಸ್ಪತ್ರೆ ಎಂದರೆ ಕೇಳದೆ ಕುಯ್ಯುವ ಜಾಗ ಎಂದು ಅವರು ತಿಳಿದದ್ದು ಹಾಗೆ.

ಮ್ಯಾಜಿಸ್ಟ್ರೇಟರು ಧಾರವಾಡ ಕಡೆಯವರು, ನಲವತ್ತರ ಒಳಗಿನವರು. ದೂರನ್ನು ದಾಖಲಿಸಿಕೊಳ್ಳುವ ಮೊದಲು ಸೊಸೆಯ ಹೇಳಿಕೆ ಪಡೆಯಬೇಕು ಎಂದರು. ಕೋರ್ಟಿನಲ್ಲಿ ಸಾಕ್ಷಿಯನ್ನು ಕರೆಯುವುದು ದಲಾಯತನ ಕೆಲಸ: ವರಾಂಡಕ್ಕೆ ಬಂದು ಹೆಸರನ್ನು, ಹೆಂಗಸಾದರೆ ಗಂಡನ ಹೆಸರನ್ನೂ ಸೇರಿಸಿ, ಮೂರು ಸಲ ಕೂಗುತ್ತಾನೆ. ಆ ದಿನ ಮ್ಯಾಜಿಸ್ಟ್ರೇಟರು ಕೂಗಬೇಡ, ಹೋಗಿ ಕರೆದುಕೊಂಡು ಬಾ ಎಂದರು. ಹೇಳಿಕೆಯನ್ನು ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಸಿ ಬರೆದುಕೊಂಡರು. ನಾನೂ ಹೊರಗೇ ಇದ್ದೆ. ಆಕೆಯ ಮರ್ಯಾದೆಗೆಂದು ಮಾಡಿದ ಏರ್ಪಾಡು ಅದು. ಮುಂದೆ ಅವರ ಮೇಲೆ ಬಂದ ಆರೋಪಗಳಲ್ಲಿ ಮೊದಲನೆಯದು ಆ ಮುಚ್ಚಿದ ಬಾಗಿಲು.

ಒಂದು ವಾರದ ನಂತರ ಆದೇಶ ಬಂತು. ಕಾಯ್ದೆ ಕೇಳುವುದು ಗರ್ಭಿಣಿಯ ಒಪ್ಪಿಗೆಯನ್ನು; ಗಂಡನ ಅಥವಾ ಮಾವನ ಒಪ್ಪಿಗೆ ಬೇಕೆಂದು ಅದರಲ್ಲಿ ಇಲ್ಲ; ಈಕೆ ತಾನಾಗಿ ಒಪ್ಪಿದ್ದಾಗಿ ಹೇಳಿದ್ದಾಳೆ; ದೂರು ವಜಾ. ಮಾವನ ವಕೀಲರು, ಸಂಸಾರ ಅಂದ ಮೇಲೆ ಯಜಮಾನನನ್ನು ಕೇಳುವುದು ಬೇಡವೇ ಎಂದು ವಾದಿಸಿದಾಗ ಮ್ಯಾಜಿಸ್ಟ್ರೇಟರು, "ಕೇಳಬೇಕೋ ಬ್ಯಾಡೋ ನೀವು ಮನ್ಯಾಗ ಮಾತಾಡ್ರಿ. ಕಾಯ್ದೆದಾಗ ಇಲ್ಲದ್ದನ್ನ ನಾ ಎಲ್ಲಿಂದ ತರಲಿ?" ಎಂದದ್ದು ನನ್ನ ನೋಟ್‌ಬುಕ್ಕಿನಲ್ಲಿದೆ.

ನಾನು ಕಳಿಸಿದ್ದು ನಾಲ್ಕು ವಾಕ್ಯ. ಊರಿನ ಹೆಸರಾಗಲಿ ಆಕೆಯ ಹೆಸರಾಗಲಿ ಇರಲಿಲ್ಲ. ಮೂರನೆಯ ದಿನ ಒಳಪುಟದಲ್ಲಿ ಬಂದಾಗ ಅದರ ತಲೆಯ ಮೇಲೆ, ಗರ್ಭಪಾತಕ್ಕೆ ಗಂಡನ ಒಪ್ಪಿಗೆ ಬೇಡ ಎಂದು ದಪ್ಪಕ್ಷರದಲ್ಲಿತ್ತು. ತಪ್ಪೇನೂ ಇರಲಿಲ್ಲ. ಆದರೆ ಹೋಟೆಲಿನಲ್ಲಿ ಒಬ್ಬ ಓದಿ ಹತ್ತು ಜನ ಕೇಳುವ ಪತ್ರಿಕೆಯಲ್ಲಿ ತಲೆಬರಹದಿಂದ ಕೆಳಗೆ ಇಳಿಯುವವರು ಕಡಿಮೆ.

ತಾಲ್ಲೂಕು ಬೋರ್ಡಿನ ಚುನಾವಣೆ ಹತ್ತಿರವಿತ್ತು. ಆ ಭಾಗದ ಒಬ್ಬ ಮುಖಂಡರು ಹಳೆಯ ಪಕ್ಷ ಬಿಟ್ಟು ಹೊಸದಕ್ಕೆ ಬಂದು ಆರು ತಿಂಗಳಾಗಿತ್ತು. ಮಾತನಾಡಲು ವಿಷಯ ಬೇಕಿತ್ತು. ಮುಳಬಾಗಿಲು ಬಸ್ ನಿಲ್ದಾಣದ ಹತ್ತಿರ ಸಂಜೆ ಸಭೆ ಸೇರಿಸಿದರು. ಮೇಜಿನ ಮೇಲೆ ನಿಂತು, "ಆವಾಗ ಗಂಡಸ್ರನ್ನ ಹಿಡ್ದು ಕುಯ್ದ್ರು. ಈಗ ಹೆಂಗಸ್ರನ್ನ ಹಿಡೀತಾವ್ರೆ. ಕೋರ್ಟು ಬಾಗ್ಲಾಕ್ಕೊಂಡು ವಿಚಾರ್ಣೆ ಮಾಡುತ್ತೆ ಅಂದ್ರೆ ಅದು ಯಾರ ಕೋರ್ಟಪ್ಪಾ? ನಮ್ದಾ? ಎಲ್ಲಿಂದ್ಲೋ ಬಂದೋರು ನಮ್ಮನೆ ಒಳಗಿನ್ದು ಹೇಳ್ಬೇಕಾ?" ಎಂದರು.

ಜನರ ಮಧ್ಯದಿಂದ ಒಬ್ಬ ತೆಲುಗಿನಲ್ಲಿ, "ಅಪ್ಪುಡು ವ್ಯಾನ್ ಎಕ್ಕಿಂಚಿಂದಿ ನುವ್ವೇ ಕದನ್ನಾ?" ಎಂದು ಕೇಳಿದ. ಆವಾಗ ವ್ಯಾನು ಹತ್ತಿಸಿದವನು ನೀನೇ ಅಲ್ಲವೇನಣ್ಣ ಎಂದು. ಎಲ್ಲರೂ ನಕ್ಕರು. ಮುಖಂಡರೂ ನಕ್ಕರು.

"ಹತ್ತಿಸ್ದೋನು ನಾನಲ್ಲಪ್ಪಾ, ಸರ್ಕಾರ. ನಾನು ಬಾಗ್ಲು ಹಿಡ್ಕೊಂಡಿದ್ದೆ ಅಷ್ಟೇ. ಹಿಡೀದೆ ಇದ್ರೆ ನನ್ನೂ ಹತ್ತಿಸ್ತಿದ್ರು."

ಇನ್ನೂ ಜೋರಾಗಿ ನಕ್ಕರು. ಸಭೆ ಅವರ ಕೈಯಲ್ಲೇ ಉಳಿಯಿತು.

ಅದಾದ ಹತ್ತು ದಿನಕ್ಕೆ ಮುಖಂಡರು ಹೋಟೆಲಿನಲ್ಲಿ ನನ್ನನ್ನು ಕರೆದು ಒಂದು ಕಟ್ಟು ಮುಂದಿಟ್ಟರು. ಮೇಲೆ ಟೈಪ್ ಮಾಡಿದ ಒಂದು ಹಾಳೆ, ಕೆಳಗೆ ಸಹಿ ಹಾಳೆಗಳು. ಆಸ್ಪತ್ರೆಗಳಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಒತ್ತಾಯಿಸಿ ಗರ್ಭ ತೆಗೆಯುತ್ತಿದ್ದಾರೆ, ಅದನ್ನು ಸರಿಯೆಂದ ಮ್ಯಾಜಿಸ್ಟ್ರೇಟರ ಮೇಲೆ ನಮಗೆ ವಿಶ್ವಾಸವಿಲ್ಲ, ಅವರನ್ನು ವರ್ಗ ಮಾಡಬೇಕು ಎಂದು ಮನವಿ.

"ಒಂದೇ ಹಳ್ಳಿಯೋರು ನಾನೂರು ಜನ. ಬರ್ಕೋಪ್ಪಾ ಪೇಪರ್‌ಗೆ," ಎಂದರು.

ನಾನು ಮೇಲಿನ ಹಾಳೆ ಓದಿದೆ, ಕೆಳಗಿನದನ್ನು ಬೆರಳಿನಿಂದ ತಿರುವಿದೆ, ಬಸ್ಸಿಗೆ ಹೊತ್ತಾಗಿತ್ತು, ನಾನೂರು ಗ್ರಾಮಸ್ಥರು ಸಹಿ ಮಾಡಿದ ಮನವಿ ಎಂದು ಬರೆದು ಕಳಿಸಿದೆ. ಮುಖಂಡರು ಹೇಳಿದ್ದಾರೆ ಎಂದು ಬರೆಯಲಿಲ್ಲ. ಎಣಿಸಲೂ ಇಲ್ಲ. ಮುಂದೆ ಮಾವನ ಪರವಾಗಿ ಕೋಲಾರದ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋದಾಗ, ವಕೀಲರು ಮನವಿಯ ಜೊತೆಗೆ ನನ್ನ ವರದಿಯ ತುಣುಕನ್ನೂ ಅಂಟಿಸಿ ಹಾಜರುಪಡಿಸಿದ್ದರು. ನಾನು ಬರೆದದ್ದು ಕೋರ್ಟಿನ ಕಡತ ಸೇರಿದ್ದು ಅದೊಂದೇ ಸಲ.

ಕಡತದಲ್ಲಿ ಇನ್ನೊಂದು ವಿಷಯವಿತ್ತು. ಸಹಿ ಹಾಳೆಗಳನ್ನು ಗಮನವಿಟ್ಟು ನೋಡಿದವರು ಮುಖಂಡರಲ್ಲ, ಮಾವನ ಪರವಾಗಿ ನಿಂತ ಕೋಲಾರದ ಆ ವಕೀಲರು. ಮೂರನೆಯ ಹಾಳೆಯಲ್ಲಿ ಆ ಸೊಸೆಯ ಹೆಬ್ಬೆಟ್ಟು ಇತ್ತು. ಪಕ್ಕದಲ್ಲಿ ಆಕೆಯ ಹೆಸರು, ಗಂಡನ ಹೆಸರು. ಒತ್ತಾಯಿಸಿ ಗರ್ಭ ತೆಗೆಯುತ್ತಿದ್ದಾರೆ ಎಂಬ ಮನವಿಗೆ ಆಕೆಯೇ ಹೆಬ್ಬೆಟ್ಟು ಒತ್ತಿದ ಮೇಲೆ ಮುಚ್ಚಿದ ಬಾಗಿಲಿನೊಳಗೆ ಕೊಟ್ಟ ಹೇಳಿಕೆಗೆ ಏನು ಬೆಲೆ ಎಂದು ಅವರು ಕೇಳಿದರು. ಸೆಷನ್ಸ್ ನ್ಯಾಯಾಧೀಶರು ಮುಳಬಾಗಿಲಿನ ಆದೇಶ ತಪ್ಪೆಂದು ಹೇಳಲಿಲ್ಲ. ಒಪ್ಪಿಗೆ ಆಕೆಯದೇ ಹೌದೋ ಅಲ್ಲವೋ, ಆ ಒಂದು ಅಂಶವನ್ನು ಮತ್ತೆ ವಿಚಾರಿಸಿ ಎಂದು ಕಡತ ಹಿಂದಕ್ಕೆ ಕಳಿಸಿದರು. ಅಲ್ಲವೆಂದಾದರೆ ಲೇಡಿ ಡಾಕ್ಟರ ಮೇಲೆ ಮೊಕದ್ದಮೆ. ಸೊಸೆ ತಾನಾಗಿ ಮಾಡಿದ್ದು, ಬೇರೆಯವರು ಆಕೆಗೆ ಮಾಡಿದ್ದು ಎಂದು ದಾಖಲೆಯಲ್ಲಿ ಉಳಿಯುವುದು.

ಮ್ಯಾಜಿಸ್ಟ್ರೇಟರು ಕಡತವನ್ನು ತಾವು ಇಟ್ಟುಕೊಳ್ಳಲಿಲ್ಲ. ಬೇರೆಯವರು ವಿಚಾರಿಸಲಿ ಎಂದು ಜಿಲ್ಲಾ ನ್ಯಾಯಾಧೀಶರಿಗೆ ಬರೆದರು. ಒಂದು ಸಂಜೆ ಕೋರ್ಟಿನ ಮೆಟ್ಟಿಲ ಮೇಲೆ, ಇದನ್ನು ಪತ್ರಿಕೆಗೆ ಬರೆಯಬಾರದು ಎಂದು ಹೇಳಿ, ನನಗೆ ವಿವರಿಸಿದರು.

"ನಾ ಬರದದ್ದು ಸರಿ ಅದ. ಆದ್ರ ಎರಡನೇ ಸಲಾನೂ ನಾನೇ ಬರದ್ರ, ಸರಿ ಇದ್ರೂ ಯಾರೂ ನಂಬೂದಿಲ್ಲ. ಆ ಹೆಣ್ಣುಮಗಳಿಗೆ ನಂಬೋ ತೀರ್ಪು ಬೇಕಾಗೇದ."

ಕಡತ ಶ್ರೀನಿವಾಸಪುರಕ್ಕೆ ಹೋಯಿತು. ಅಲ್ಲಿ ವಾರದಲ್ಲಿ ಎರಡು ದಿನ ಬಂದು ಕೂರುತ್ತಿದ್ದ ಹಿರಿಯ ಮ್ಯಾಜಿಸ್ಟ್ರೇಟರೊಬ್ಬರ ಮುಂದೆ ವಿಚಾರಣೆ ಗೊತ್ತಾಯಿತು.

ಅಷ್ಟರಲ್ಲಿ ನಾನು ಕೋಲಾರದ ಕೋರ್ಟ್ ಕಚೇರಿಯಲ್ಲಿ ಗುಮಾಸ್ತರ ಎದುರು ಕೂತು ಸಹಿಗಳನ್ನು ಎಣಿಸಿದ್ದೆ. ನಾನೂರು ಇರಲಿಲ್ಲ, ಮುನ್ನೂರಕ್ಕೂ ಕಡಿಮೆ. ಅರ್ಧಕ್ಕರ್ಧ ಹೆಂಗಸರ ಹೆಬ್ಬೆಟ್ಟು. ಅದು ನನಗೆ ಸರಿಕಾಣಲಿಲ್ಲ. ನಮ್ಮ ಕಡೆ ರಾಜಕೀಯದ ಮನವಿಗೆ ಹೆಂಗಸರನ್ನು ಯಾರೂ ಕೇಳುವುದಿಲ್ಲ. ಮನೆಗೊಬ್ಬ ಗಂಡಸು ಹಾಕಿದರೆ ಮುಗಿಯಿತು. ಹೆಂಗಸರನ್ನು ಕರೆದು ಹೆಬ್ಬೆಟ್ಟು ಒತ್ತಿಸುವುದು ನೀರಿನ ಅರ್ಜಿಗೆ. ಮೇಲಿನ ಹಾಳೆಗೆ ದಾರ ಪೋಣಿಸಲು ಒಂದೇ ತೂತು, ಕೆಳಗಿನ ಹಾಳೆಗಳಿಗೆ ಎರಡೆರಡು, ಮೊದಲೊಮ್ಮೆ ಬೇರೆ ಯಾವುದಕ್ಕೋ ಪೋಣಿಸಿದ್ದ ಹಾಗೆ. ಮೊದಲ ಸಹಿ ಆ ಊರಿನ ಶಾಲೆಯ ಮೇಷ್ಟ್ರದ್ದು. ಅವರು ಲಕ್ಕೂರಿನ ಶಾಲೆಗೆ ವರ್ಗವಾಗಿ ಹೋದಾಗ ನಡೆದ ಬೀಳ್ಕೊಡುಗೆಯ ಎರಡು ಸಾಲು ನಾನೇ ಕಳಿಸಿದ್ದೆ. ಅದು ತೀರ್ಪು ಬರುವುದಕ್ಕೆ ಬಹಳ ಮೊದಲು.

ಇದರಲ್ಲಿ ವಿಶೇಷವಾದ ಮೋಸವಿದೆ ಎಂದು ಮುಖಂಡರಾಗಲಿ ಅರ್ಜಿ ಬರೆಯುವವರಾಗಲಿ ತಿಳಿದಿರಲಾರರು. ತಾಲ್ಲೂಕು ಕಚೇರಿಯ ಮುಂದೆ ಕೂರುವ ಅರ್ಜಿ ಬರೆಯುವವರು ಸಹಿ ಹಾಳೆಗಳನ್ನು ಮೊದಲು ತುಂಬಿಸಿ ಮೇಲಿನ ಹಾಳೆಯನ್ನು ಆಮೇಲೆ ಬರೆಯುವುದು, ಒಂದು ಅರ್ಜಿಗೆ ಬಳಸದೆ ಉಳಿದ ಹಾಳೆಗಳನ್ನು ಇನ್ನೊಂದಕ್ಕೆ ಸೇರಿಸುವುದು ರೂಢಿ. ಬಸ್ಸು ನಿಲ್ಲಿಸಿ ಎಂದು ಹಾಕಿದ ಸಹಿ ಸೀಮೆಎಣ್ಣೆ ಕೊಡಿ ಎಂದು ಹೋದದ್ದೂ ಉಂಟು. ಊರು ಅದೇ, ಜನ ಅದೇ, ಬೇಕಾದದ್ದು ಸಿಕ್ಕಿದರೆ ಸರಿ. ಈ ಸಲ ಹಾಳೆಯಲ್ಲಿ ಯಾರ ಹೆಬ್ಬೆಟ್ಟು ಇದೆ ಎಂದು ನೋಡಿಕೊಳ್ಳಲಿಲ್ಲ, ಅಷ್ಟೇ.

ಒಂದು ಭಾನುವಾರ ಮಾಲೂರಿಗೆ ಹೋಗಿ ಅಲ್ಲಿಂದ ಲಕ್ಕೂರಿನ ಬಸ್ಸು ಹಿಡಿದೆ. ಮೇಷ್ಟ್ರು ಮನೆಯಲ್ಲಿದ್ದರು. ಕಾಫಿ ಕೊಟ್ಟರು.

"ಬೋರಿಂಗ್ ಅರ್ಜಿ ಅದು. ಸ್ಕೂಲ್ ಜಗಲಿ ಮೇಲೆ ಕೂರಿಸ್ಕೊಂಡು ನಾನೇ ಒಬ್ಬೊಬ್ಬರ ಹೆಸರೂ ಬರೆದಿದ್ದೀನಿ. ಹೆಂಗಸರೆಲ್ಲ ಬಿಂದಿಗೆ ಇಳಿಸಿ ಬಂದು ಒತ್ತಿದ್ರು."

"ಇದನ್ನ ಕೋರ್ಟಲ್ಲಿ ಹೇಳ್ತೀರಾ?"

"ಕರೆದ್ರೆ ಹೇಳ್ಬೇಕಾಗುತ್ತೆ. ಕರೆಸ್ಬೇಡಿ ಸಾರ್. ಹೆಂಡ್ತಿ ಮಕ್ಕಳು ಇನ್ನೂ ಮುಳಬಾಗಲಲ್ಲೇ ಅವ್ರೆ. ವಾಪಸ್ ವರ್ಗ ಆಗ್ಬೇಕು ಅಂದ್ರೆ ಯಾರ ಹತ್ರ ಹೋಗ್ಬೇಕು ಅಂತ ನಿಮಗ್ಗೊತ್ತಲ್ಲ."

ಕಾಫಿ ಲೋಟ ಕೆಳಗಿಟ್ಟು ಎದ್ದೆ. ಸಂಜೆ ಮಾಲೂರಿಗೆ ಹಿಂತಿರುಗಿ ಹೆಂಚಿನ ಕಾರ್ಖಾನೆಯ ಪಕ್ಕದ ಸಾಲು ಮನೆಗಳಲ್ಲಿ ಆಕೆಯ ಗಂಡನನ್ನು ಹುಡುಕಿದೆ. ಮೂವತ್ತು ದಾಟಿದ, ಕೆಲಸದ ಕೆಂಪು ಮಣ್ಣು ಉಗುರಿನಲ್ಲಿ ಉಳಿದಿದ್ದ ಮನುಷ್ಯ. ಪತ್ರಿಕೆಯವನೆಂದು ಹೇಳಿದೆ.

"ನಿಮ್ಮನ್ನ ಕೇಳದೆ ಹೋಗಿದ್ದಕ್ಕೆ ಬೇಜಾರಾ?" ಎಂದೆ. ಕೇಳಬಾರದ ಪ್ರಶ್ನೆ ಎಂದು ಕೇಳಿದ ಮೇಲೆ ಅನಿಸಿತು.

"ಕೇಳಿದ್ರೆ ಬ್ಯಾಡ ಅಂತಿದ್ದೆ ಸಾ. ಅದು ಅವಳಿಗ್ಗೊತ್ತು. ಅದಕ್ಕೇ ಕೇಳ್ಲಿಲ್ಲ."

"ನಿಮ್ಮ ತಂದೆ ಬಲವಂತ ಅಂತಾರಲ್ಲ?"

"ನಮ್ಮಪ್ಪಂಗೆ ಮಾಡಿದ್ದು ಬಲವಂತ. ಇವಳು ಹೋಗಿದ್ದು ಇವಳ ಕಾಲ್ಮೇಲೆ." ಉಗುರಿನ ಮಣ್ಣು ಕೆರೆದುಕೊಳ್ಳುತ್ತ, "ಅಪ್ಪನ ಎದುರ್ಗೆ ನಾನು ಇದು ಹೇಳಲ್ಲ. ಬರೀಬೇಡಿ," ಎಂದ.

ಸುದ್ದಿ ಸಂಪಾದಕರಿಗೆ ವಿಷಯ ತಿಳಿಸಿ, ನಾನೂರು ಎಂಬುದು ತಪ್ಪು, ತಿದ್ದುಪಡಿ ಹಾಕಬೇಕು, ಸಹಿ ಹಾಳೆಗಳು ಬೇರೆ ಅರ್ಜಿಯವು ಎಂದು ಬರೆದೆ. ಯಾರು ಹೇಳಿದ್ದು ಎಂದು ಅವರು ಮರುಟಪಾಲಿನಲ್ಲಿ ಕೇಳಿದರು. ಹೆಸರು ಹಾಕಿ ಹೇಳುವವರು ಇಲ್ಲ ಎಂದೆ. ಹಾಗಾದರೆ ಕೋರ್ಟಿನಲ್ಲಿ ಹೊರಬೀಳುವವರೆಗೆ ಕಾಯಿ ಎಂದರು. ನನಗೆ ಹೇಳಿಕೊಟ್ಟ ನಿಯಮದ ಪ್ರಕಾರ ಅವರ ಮಾತು ಸರಿ. ಎಣಿಸದೆ ಬರೆದಾಗ ಅಡ್ಡ ಬರದ ನಿಯಮ ಎಣಿಸಿದ ಮೇಲೆ ಅಡ್ಡ ಬಂತು.

ವಿಚಾರಣೆಗೆ ನಾಲ್ಕು ದಿನವಿದ್ದಾಗ ಆ ಹಳ್ಳಿಗೆ ಹೋದೆ. ಮಾವ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಮುಖಂಡರ ವಿಷಯ ತೆಗೆದೆ. ಆ ವ್ಯಾನಿನ ದಿನ ಮುಖಂಡರೂ ಇದ್ದರಂತಲ್ಲ ಎಂದೆ.

"ಇದ್ರು. ಆವತ್ತು ಹತ್ಸಿದ್ದೂ ಅವ್ರೇ, ಇವತ್ತು ಅರ್ಜಿ ಬರ್ಸಿದ್ದೂ ಅವ್ರೇ. ಇನ್ಯಾರತ್ರ ಹೋಗೋಣ ನೀನೇ ಹೇಳು. ನನ್ನ ಕುಯ್ದಾಗ ಯಾವ ಕೋರ್ಟೂ ಕೇಳ್ಲಿಲ್ಲ. ಈಗ ಡಾಕ್ಟ್ರಮ್ಮನ ಕಡೀಗೆ ಎರಡು ದಿನದಾಗೆ ತೀರ್ಪು ಬಂತು."

ಎರಡು ದಿನವಲ್ಲ, ಎರಡು ತಿಂಗಳಾಗಿತ್ತು. ನಾನು ತಿದ್ದಲಿಲ್ಲ.

ಸೊಸೆ ಒಳಗಿನ ಕೋಣೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಜೊತೆಗೆ ಪಕ್ಕದ ಮನೆಯ ಹೆಂಗಸು. ಬಾಗಿಲಲ್ಲೇ ನಿಂತು ನಾನು ಯಾರೆಂದು ಹೇಳಿದೆ. ಆಕೆ ತಲೆ ಎತ್ತದೆ ಕೇಳಿದಳು.

"ಆ ಕಾಗ್ದದಾಗೆ ನಂದು ಹೆಬ್ಬೆಟ್ಟು ಐತೆ ಅಂತಾರಲ್ಲ, ಇರೋದು ದಿಟವಾ?"

"ಇದೆಯಮ್ಮ. ಮೂರನೇ ಹಾಳೇಲಿ."

"ಬೋರಿಂಗ್‌ಗೆ ಒತ್ತಿದ್ದು ಬಿಟ್ರೆ ನಾನು ಇನ್ಯಾತಕ್ಕೂ ಒತ್ತಿಲ್ಲ."

"ಅದೇ ಹಾಳೆ," ಎಂದೆ. ಮುಖಂಡರು ಊರಿಗೆ ಹೇಳಿಕಳಿಸಿದ್ದನ್ನು ಆಗ ಪಕ್ಕದ ಮನೆಯ ಹೆಂಗಸು ಹೇಳಿದಳು. ಹಾಳೆಗಳು ಬೋರಿಂಗ್‌ನವು ಎಂದು ಯಾರಾದರೂ ಕೋರ್ಟಿನಲ್ಲಿ ಬಾಯಿಬಿಟ್ಟರೆ ಬೋರಿಂಗ್ ಅರ್ಜಿ ಇನ್ನೂ ಕೊಟ್ಟೇ ಇಲ್ಲ ಎಂದಾಗುತ್ತದೆ, ಬೋರಿಂಗ್ ಕೈತಪ್ಪುತ್ತದೆ. ಸುಮ್ಮನಿದ್ದರೆ ಮಳೆಗಾಲದ ಒಳಗೆ ಕೊಳವೆ ಇಳಿಸಿ ಕೈಪಂಪು ಹಾಕಿಸುವ ಜವಾಬ್ದಾರಿ ಅವರದು. ಊರಿಗಿದ್ದದ್ದು ಅರ್ಧ ಮೈಲಿ ಆಚೆಯ ಒಂದು ಬಾವಿ.

"ಹೌದು, ನಾನೇ ಒತ್ತಿದ್ದು ಅಂದ್ಬುಡೇ ಸಾಕು," ಎಂದಳು ಪಕ್ಕದವಳು. "ಡಾಕ್ಟ್ರಮ್ಮ ಓದಿರೋಳು, ಎಂಗೋ ತಪ್ಪಿಸ್ಕೊಂತಾಳೆ. ನಮ್ಗೆ ಬಿಂದಿಗೆ ತಪ್ಪುತ್ತಾ?"

"ಬಲವಂತ ಮಾಡಿದ್ರು ಅನ್ಬೇಕಾ?"

"ಅನ್ಬ್ಯಾಡ ಕಣೇ. ಸುಮ್ನೆ ತಲೆ ಅಲ್ಲಾಡ್ಸು. ಅವರೇ ಬರ್ಕೊಂತಾರೆ."

"ಹತ್ತು ವರ್ಷದಿಂದ ನಿನ್ಜೊತೇಲೇ ನೀರು ಹೊರ್ತಾ ಇದೀನಿ. ಬಿಂದಿಗೆ ಭಾರ ನೀನು ನಂಗೆ ಹೇಳ್ಬ್ಯಾಡ," ಎಂದು ಸೊಸೆ ಇನ್ನೊಂದು ತಟ್ಟೆ ಎಳೆದುಕೊಂಡಳು. ಏನು ಹೇಳುತ್ತೇನೆ ಎಂದು ಹೇಳಲಿಲ್ಲ. ನಾನು ಕೇಳಲಿಲ್ಲ.

ವಿಚಾರಣೆಯ ದಿನ ಶ್ರೀನಿವಾಸಪುರದ ಕೋರ್ಟಿನ ಮುಂದೆ ಮಾಮೂಲಿಗಿಂತ ಹೆಚ್ಚು ಜನ. ಮುಖಂಡರು ಎರಡು ಜೀಪು ತಂದಿದ್ದರು; ತಾವು ಒಳಗೆ ಬರದೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಮಾವ ವಕೀಲರ ಹಿಂದೆ ನಿಂತಿದ್ದರು. ಆಕೆಯ ಗಂಡ ಮಾಲೂರಿನಿಂದ ಬಂದಿದ್ದ. ಅಪ್ಪನ ಪಕ್ಕಕ್ಕೂ ಹೋಗದೆ ಹೆಂಡತಿಯ ಪಕ್ಕಕ್ಕೂ ಹೋಗದೆ ಕಿಟಕಿಯ ಹತ್ತಿರ ನಿಂತಿದ್ದ. ದಲಾಯತ ಆಕೆಯ ಹೆಸರನ್ನು ಮೂರು ಸಲ ಕೂಗಿದ. ಕಾಂಪೌಂಡಿನ ಆಚೆಯ ಅಂಗಡಿಯವರೂ ತಿರುಗಿ ನೋಡಿದರು.

ಹಿರಿಯ ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಆಕೆಯನ್ನು ನೋಡಿದರು.

"ಬಾಗಿಲು ಹಾಕಿಸ್ಲೇನಮ್ಮ? ಜನ ಆಚೆಗೆ ಹೋಗಲಿ ಅಂದ್ರೆ ಕಳಿಸ್ತೀನಿ."

"ತೆಗ್ದೇ ಇರ್ಲಿ ಸ್ವಾಮಿ. ಹಾಕಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಕೆಲವರು ನಕ್ಕರು. ದಲಾಯತ ಸುಮ್ಮನಿರಿಸಿದ. ಸಹಿ ಹಾಳೆಯನ್ನು ಆಕೆಯ ಮುಂದೆ ಹಿಡಿದರು.

"ಈ ಹೆಬ್ಬೆಟ್ಟು ನಿನ್ನದಾ?"

"ನಂದೇ."

ವಕೀಲರು ಒಂದು ಗೀಟು ಹಾಕಿಕೊಂಡರು. ಹೊರಗೆ ಬೇವಿನ ಮರದ ಕೆಳಗೆ ಯಾರೋ ಅದನ್ನು ಮುಖಂಡರಿಗೆ ಮುಟ್ಟಿಸಿದ್ದು ಕೇಳಿಸಿತು.

"ಯಾತಕ್ಕೆ ಅಂತ ಒತ್ತಿದೆ?"

ಊರಿನ ಐದಾರು ಹೆಂಗಸರು ಬಾಗಿಲ ಹೊರಗೆ ಸೆರಗು ಬಾಯಿಗಿಟ್ಟು ನಿಂತಿದ್ದರು. ಆಕೆ ಅವರ ಕಡೆಗೆ ಒಂದು ಸಲ ನೋಡಿದಳು.

"ನೀರಿಗೆ ಸ್ವಾಮಿ. ಬೋರಿಂಗ್ ಬೇಕು ಅಂತ. ಮೇಷ್ಟ್ರು ಸ್ಕೂಲ್ ಜಗಲಿ ಮೇಲೆ ಒತ್ಸಿದ್ರು. ಊರವ್ರೆಲ್ಲ ಅದಕ್ಕೇ ಒತ್ತಿರೋದು. ಈ ಮೇಲ್ಗಡೆ ಕಾಗ್ದ ಆವಾಗ ಇರ್ಲಿಲ್ಲ."

ಮ್ಯಾಜಿಸ್ಟ್ರೇಟರು ಹಾಳೆಗಳನ್ನು ತಮ್ಮ ಕೈಗೆ ತೆಗೆದುಕೊಂಡು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಎರಡೆರಡು ತೂತುಗಳನ್ನು ಅವರೂ ಕಂಡಿರಬೇಕು. ಬೆರಳಿನಿಂದ ಮುಟ್ಟಿ ನೋಡಿದರು.

"ಆಸ್ಪತ್ರೇಲಿ ಯಾರಾದ್ರೂ ಒತ್ತಾಯ ಮಾಡಿದ್ರಾ?"

"ಇಲ್ಲ. ಮೊದ್ಲು ಹೋದಾಗ ಡಾಕ್ಟ್ರಮ್ಮ ಮನೆಗೋಗಿ ಯೋಚ್ನೆ ಮಾಡ್ಕೊಂಡ್ ಬಾ ಅಂದ್ರು. ನಾಲ್ಕು ದಿನ ಬಿಟ್ಟು ತಿರುಗ ಹೋದೆ. ಆವಾಗ್ಲೂ ಕೇಳಿದ್ರು. ಬೇಕು ಅಂದೆ."

ವಕೀಲರು ಎದ್ದರು. "ಕಟ್ಕೊಂಡ ಗಂಡನ್ನ ಕೇಳ್ದೆ ಹೋಗಿದ್ದು ತಪ್ಪು ಅಂತ ನಿನಗೆ ಅನ್ಸಲ್ವೇನಮ್ಮ?"

"ಆ ಪ್ರಶ್ನೆ ಬೇಡ," ಎಂದರು ಮ್ಯಾಜಿಸ್ಟ್ರೇಟರು. "ತಪ್ಪೋ ಸರಿಯೋ ನನ್ನ ಮುಂದಿಲ್ಲ. ಒಪ್ಪಿದಳೋ ಇಲ್ಲವೋ ಅಷ್ಟೇ."

ಆಕೆಗೆ ಅದು ತಿಳಿಯಲಿಲ್ಲವೋ ತಿಳಿದೂ ಹೇಳಿದಳೋ, "ಅನ್ಸುತ್ತೆ ಸ್ವಾಮಿ. ಆದ್ರೂ ಹೋದೆ," ಎಂದಳು. ಪ್ರಶ್ನೆಯನ್ನು ತಡೆದಿದ್ದರಿಂದ ಉತ್ತರವನ್ನು ಟೈಪಿಸ್ಟ್ ಹೊಡೆಯಲಿಲ್ಲ. ಕಿಟಕಿಯ ಹತ್ತಿರ ಗಂಡ ನೆಲ ನೋಡುತ್ತಿದ್ದ. ಹೇಳಿಕೆಯನ್ನು ಓದಿ ಹೇಳಿದರು, ಬರಹದ ಕನ್ನಡ ತಿಳಿಯಲಿಲ್ಲ, ತೆಲುಗಿನಲ್ಲಿ ಇನ್ನೊಂದು ಸಲ ಹೇಳಿ ಎಂದಳು, ಹೇಳಿದರು.

ಮಧ್ಯಾಹ್ನದ ಊಟದ ನಂತರ ಆದೇಶ ಓದಿದರು. ಹಾಳೆಗಳು ಬೇರೆ ಉದ್ದೇಶಕ್ಕೆ ಪಡೆದವು ಎಂದು ಕಂಡುಬರುತ್ತದೆ, ಅವಕ್ಕೆ ಬೆಲೆಯಿಲ್ಲ; ಒಪ್ಪಿಗೆ ಆಕೆಯದೇ; ದೂರಿನಲ್ಲಿ ಮುಂದುವರಿಸಲು ಏನೂ ಇಲ್ಲ.

ಮುಂದೆ ಏನೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ವರದಿ ಆರು ವಾಕ್ಯ ಬಂತು; ಹಿಂದಿನ ವರದಿಯಲ್ಲಿ ನಾನೂರು ಎಂದದ್ದು ತಪ್ಪು ಎಂಬುದೂ ಅದರಲ್ಲಿ ಇತ್ತು. ಮುಖಂಡರು ಮುಂದಿನ ಸಭೆಯಲ್ಲಿ, ಒಂದು ಕೋರ್ಟು ಹೇಳಿದ್ದನ್ನೇ ಇನ್ನೊಂದು ಕೋರ್ಟು ಹೇಳುತ್ತದೆ, ಅವರವರೇ ಒಂದು ಎಂದರು, ಚುನಾವಣೆಯಲ್ಲಿ ಗೆದ್ದರು. ಧಾರವಾಡದ ಮ್ಯಾಜಿಸ್ಟ್ರೇಟರಿಗೆ ವರ್ಗವಾಯಿತು. ಅವಧಿ ಮುಗಿದಿತ್ತು, ಆಗಲೇಬೇಕಿತ್ತು. ಅದನ್ನು ತಾವೇ ಮಾಡಿಸಿದ್ದು ಎಂದು ಮುಖಂಡರು ಹೇಳಿಕೊಂಡರು, ಊರು ನಂಬಿತು. ಬೋರಿಂಗ್ ಆ ವರ್ಷ ಬರಲಿಲ್ಲ. ಆ ಬೇಸಿಗೆಯಲ್ಲಿ ಪಕ್ಕದ ಮನೆಯ ಹೆಂಗಸು ಆಕೆಯೊಂದಿಗೆ ಮಾತು ಬಿಟ್ಟಿದ್ದಳೆಂದು ಕೇಳಿದೆ. ಲೇಡಿ ಡಾಕ್ಟರು ಬಹಳ ದಿನದ ಮೇಲೆ ಸಿಕ್ಕಾಗ ಹೇಳಿದ್ದು ಇನ್ನೊಂದು: ಮುಖಂಡರು ಊರೂರು ತಿರುಗಿ ಮೈಕಿನಲ್ಲಿ ಬೈದ ಮೇಲೆ, ಗಂಡನ ಒಪ್ಪಿಗೆ ಬೇಡವಂತಲ್ಲ ಎಂದು ಕೇಳಿಕೊಂಡು ಬರುವ ಹೆಂಗಸರು ಹೆಚ್ಚಾದರಂತೆ. ಅದಕ್ಕೆ ಮೊದಲು ಹಾಗೊಂದು ಕಾಯ್ದೆಯಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ.

ಆ ದಿನ ಆದೇಶವಾದ ಮೇಲೆ ಜೀಪುಗಳು ಹೊರಟುಹೋದವು. ಮಾವನನ್ನು ಯಾರೂ ಹತ್ತಿಸಿಕೊಳ್ಳಲಿಲ್ಲ. ವಕೀಲರು ಅವರನ್ನು ವರಾಂಡದ ಕಂಬದ ಹತ್ತಿರ ನಿಲ್ಲಿಸಿ ಮತ್ತೆ ಕೋಲಾರಕ್ಕೆ ಹೋಗಬಹುದು, ಬೇಕಾದರೆ ಹೈಕೋರ್ಟಿಗೂ ಹೋಗಬಹುದು ಎಂದು ವಿವರಿಸುತ್ತಿದ್ದರು. ಆ ಮಾತು ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ. ಐದಾರು ಗಜ ದೂರದಲ್ಲಿ ಸೊಸೆ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಮಾವ ಅಲ್ಲಿಗೆ ಹೋದರು. ತಿಂಗಳುಗಳಿಂದ ಅವರಿಬ್ಬರ ನಡುವೆ ನೇರವಾಗಿ ಮಾತಿರಲಿಲ್ಲ ಎಂದು ಗಂಡ ನನಗೆ ಮೊದಲೇ ಹೇಳಿದ್ದ.

"ಕೇಳಿದ್ರಾ ನಿನ್ನ?" ಎಂದರು.

ಆಕೆಗೆ ಅರ್ಥವಾಗಲಿಲ್ಲ. ಎದ್ದು ನಿಂತಳು.

"ಆ ಡಾಕ್ಟ್ರಮ್ಮ. ಮಾಡೋಕ್ ಮುಂಚೆ ನಿನ್ನ ಕೇಳಿದ್ರಾ? ದಿಟ ಹೇಳು. ಇಲ್ಲಿ ಯಾರೂ ಬರ್ಕೊಂತಾ ಇಲ್ಲ."

"ಕೇಳಿದ್ರು ಮಾವ. ಎರಡು ಸಲ ಕೇಳಿದ್ರು."

ಅವರು ಹೆಗಲ ಮೇಲಿನ ಟವಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. ವಕೀಲರು ಹತ್ತಿರ ಬಂದು, ಕೋಲಾರಕ್ಕೆ ಯಾವತ್ತು ಬರ್ತೀರಿ ಎಂದು ಕೇಳಿದರು.

"ಬ್ಯಾಡ ಬುಡಿ," ಎಂದು ಹೇಳಿ, ಮಗನಿಗೆ ಬಸ್ಸು ನೋಡು ಎಂದರು.